ಕೊಳವೆಯಿಲ್ಲದ ಕೊಳೆಯ ಲೆಕ್ಕ

2014ರ ಆಗಸ್ಟ್ 2ರ ನಸುಕಿನಲ್ಲಿ ಅಮೆರಿಕದ ಓಹಾಯೋ ರಾಜ್ಯದ ಟೊಲೀಡೊ ನಗರದ ಆಡಳಿತ ಒಂದು ಎಚ್ಚರಿಕೆ ಹೊರಡಿಸಿತು. ನಲ್ಲಿ ನೀರು ಕುಡಿಯಬೇಡಿ. ಕಾಯಿಸಿ ಕುಡಿದರಾಯಿತು ಎಂದುಕೊಳ್ಳಲೂಬೇಡಿ. ಕಾಯಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಉಳಿದ ನೀರಿನಲ್ಲಿ ವಿಷ ಮತ್ತಷ್ಟು ಗಟ್ಟಿಯಾಗುತ್ತದೆ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬಾಟಲಿ ನೀರಿಗಾಗಿ ಅಂಗಡಿ ಅಂಗಡಿ ಅಲೆದರು. ಆಗಸ್ಟ್ 4ರಂದು ನಿರ್ಬಂಧ ತೆರವಾಯಿತು.

ವಿಷದ ಹೆಸರು ಮೈಕ್ರೊಸಿಸ್ಟಿನ್. ಯಾವ ಕಾರ್ಖಾನೆಯೂ ಅದನ್ನು ನೀರಿಗೆ ಬಿಟ್ಟಿರಲಿಲ್ಲ. ನಗರಕ್ಕೆ ನೀರು ಕೊಡುವ ಈರಿ ಸರೋವರದ ಪಶ್ಚಿಮ ತುದಿಯಲ್ಲಿ ಕೆನೆಗಟ್ಟಿದಂತೆ ಹಬ್ಬಿದ್ದ ನೀಲಿ-ಹಸಿರು ಪಾಚಿಯೇ ಅದನ್ನು ತಯಾರಿಸಿತ್ತು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಈ ವಿಷ ಒಂದು ಮೈಕ್ರೊಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಟೊಲೀಡೊದ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಅದನ್ನು ಮೀರಿತ್ತು.

ಪಾಚಿ ಇಷ್ಟು ಸೊಕ್ಕಿ ಬೆಳೆಯಲು ರಂಜಕ ಬೇಕು. ಸರೋವರದ ಆ ತುದಿಗೆ ರಂಜಕವನ್ನು ಹೊತ್ತು ತರುವವರಲ್ಲಿ ಮೊದಲ ಸ್ಥಾನ ಮಾಮೀ ನದಿಯದು. ಅದರ ಜಲಾನಯನ ಪ್ರದೇಶ ಸುಮಾರು 17,000 ಚದರ ಕಿಲೋಮೀಟರ್. ನಮ್ಮ ಶಿವಮೊಗ್ಗ ಜಿಲ್ಲೆಯಂಥ ಎರಡು ಜಿಲ್ಲೆಗಳು ಅದರಲ್ಲಿ ಹಿಡಿಸುತ್ತವೆ. ಬಹುಪಾಲು ಮೆಕ್ಕೆಜೋಳ, ಸೋಯಾ ಅವರೆಯ ಹೊಲಗಳು. ಹಾಗಾದರೆ ಈ ರಂಜಕದಲ್ಲಿ ಹೊಲಗಳ ಪಾಲೆಷ್ಟು, ಊರುಗಳ ಪಾಲೆಷ್ಟು? ಕೇಳಲು ಸರಳವಾದ ಪ್ರಶ್ನೆ. ಆದರೆ ನದಿಗಳನ್ನು ಗಣಿತದಲ್ಲಿ ಹಿಡಿಯಹೊರಟ ವಿಜ್ಞಾನಿಗಳನ್ನು ಅರ್ಧ ಶತಮಾನದಿಂದ ಕಾಡುತ್ತಿರುವುದೂ ಇದೇ ಪ್ರಶ್ನೆ.

ಕೊಳವೆ ಇದ್ದಾಗ ಕೆಲಸ ಸಲೀಸು

ಈರಿ ಸರೋವರ ಹಸಿರುಗಟ್ಟಿದ್ದು ಅದೇ ಮೊದಲಲ್ಲ. 1960ರ ದಶಕದಲ್ಲೇ ಪತ್ರಿಕೆಗಳು ಅದು ಸತ್ತಿತೆಂದು ಬರೆದಿದ್ದವು. 1972ರಲ್ಲಿ ಅಮೆರಿಕ ಮತ್ತು ಕೆನಡಾ ಮಹಾ ಸರೋವರಗಳ ನೀರಿನ ಗುಣಮಟ್ಟಕ್ಕಾಗಿ ಒಪ್ಪಂದ ಮಾಡಿಕೊಂಡವು. 1978ರ ಪರಿಷ್ಕೃತ ಒಪ್ಪಂದ ಈರಿಗೆ ಸೇರುವ ರಂಜಕ ವರ್ಷಕ್ಕೆ 11,000 ಟನ್ ಮೀರಬಾರದೆಂದು ಗುರಿ ಇಟ್ಟಿತು. ಬಟ್ಟೆ ಒಗೆಯುವ ಪುಡಿಯಲ್ಲಿದ್ದ ಫಾಸ್ಫೇಟಿಗೆ ಕತ್ತರಿ ಬಿತ್ತು, ಒಳಚರಂಡಿ ನೀರಿನ ಶುದ್ಧೀಕರಣ ಘಟಕಗಳು ಸುಧಾರಿಸಿದವು. ಸರೋವರ ಚೇತರಿಸಿಕೊಂಡಿತು. ಕೊಳೆ ಬೀಳುವ ಜಾಗ ಗೊತ್ತಿತ್ತು, ಅಲ್ಲಿ ಕೊಳವೆ ಇತ್ತು, ಕೊಳವೆಗೊಬ್ಬ ವಾರಸುದಾರನಿದ್ದ. ಬಾಯಿಗೆ ಮೀಟರು ಇಟ್ಟು ಅಳೆದು, ಇಷ್ಟು ಕಡಿಮೆ ಮಾಡು ಎಂದು ಹೇಳಬಹುದಿತ್ತು.

1990ರ ದಶಕದ ಮಧ್ಯದ ಹೊತ್ತಿಗೆ ಪಾಚಿ ಮತ್ತೆ ಕಾಣಿಸಿಕೊಳ್ಳತೊಡಗಿತು. ಈ ಸಲ ಬೊಟ್ಟು ಮಾಡಿ ತೋರಿಸಲು ಕೊಳವೆಗಳಿರಲಿಲ್ಲ. ಸಾವಿರಾರು ಹೊಲಗಳಿಂದ, ದನದ ಕೊಟ್ಟಿಗೆಗಳಿಂದ, ರಸ್ತೆ ಬದಿಯಿಂದ, ಮನೆಯ ಹಿತ್ತಿಲ ಶೌಚಗುಂಡಿಗಳಿಂದ ಚೂರುಚೂರಾಗಿ ಬಂದು ಸೇರುವ ಕೊಳೆ ಇದು. ತಜ್ಞರು ಇದನ್ನು ಚದುರಿದ ಮಾಲಿನ್ಯ ಎನ್ನುತ್ತಾರೆ. ಒಂದೊಂದು ಹೊಲದಿಂದ ಹೋಗುವುದು ವರ್ಷಕ್ಕೆ ಎಕರೆಗೆ ಅರ್ಧ ಕಿಲೋ, ಒಂದು ಕಿಲೋ. ರೈತನ ಲೆಕ್ಕದಲ್ಲಿ ಅದು ನಷ್ಟವೇ ಅಲ್ಲ. ಸರೋವರದ ಪಾಲಿಗೆ ಮಾತ್ರ ವಿಪರೀತ.

ಕಳೆದು ಉಳಿದದ್ದು

ನದಿ ನೀರಿನ ಗುಣಕ್ಕೆ ಗಣಿತ ಮಾದರಿ ಕಟ್ಟುವ ಕೆಲಸಕ್ಕೆ ನೂರು ವರ್ಷ ದಾಟಿದೆ. ಓಹಾಯೋ ನದಿಯ ಅಧ್ಯಯನದಿಂದ ಹೊರಟ ಹೆರಾಲ್ಡ್ ಸ್ಟ್ರೀಟರ್ ಮತ್ತು ಅರ್ಲ್ ಫೆಲ್ಪ್ಸ್ 1925ರಲ್ಲಿ ಒಂದು ಸಮೀಕರಣ ಪ್ರಕಟಿಸಿದರು. ಊರಿನ ಕೊಳಚೆ ನದಿಗೆ ಬಿದ್ದಾಗ ಅದನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ಖರ್ಚು ಮಾಡುತ್ತವೆ. ಗಾಳಿಯಿಂದ ಹೊಸ ಆಮ್ಲಜನಕ ನೀರಿಗೆ ಇಳಿಯುತ್ತಲೂ ಇರುತ್ತದೆ. ಈ ಎರಡರ ವೇಗ ಗೊತ್ತಿದ್ದರೆ ಎಷ್ಟು ಕಿಲೋಮೀಟರ್ ಕೆಳಗೆ ಮೀನಿಗೆ ಉಸಿರು ಕಟ್ಟುತ್ತದೆ, ಎಲ್ಲಿ ನದಿ ಸುಧಾರಿಸಿಕೊಳ್ಳುತ್ತದೆ ಎಂದು ಹೇಳಬಹುದು. ಆ ಸಮೀಕರಣದ ನದಿಗೆ ಕೊಳೆ ಸೇರುವುದು ಒಂದು ನಿಶ್ಚಿತ ಬಿಂದುವಿನಲ್ಲಿ. ದಡದುದ್ದಕ್ಕೂ ಒಸರುವ ಕೊಳೆಗೆ ಅದರಲ್ಲಿ ಜಾಗ ಇರಲಿಲ್ಲ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1980ರ ದಶಕದಲ್ಲಿ ಹೊರತಂದ ಕ್ವಾಲ್-2ಇ ಎಂಬ ಕಂಪ್ಯೂಟರ್ ಮಾದರಿ ಮತ್ತು ಅದರ ನಂತರದ ಆವೃತ್ತಿಗಳು ನದಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಪ್ರತಿ ತುಂಡಿಗೂ ಪಕ್ಕದಿಂದ ಸೇರುವ ನೀರು, ಅದರ ಜೊತೆ ಸೇರುವ ಕೊಳೆ ಎಂದು ಒಂದು ಖಾನೆ ಇದೆ. ಆ ಖಾನೆಗೆ ಯಾವ ಅಂಕಿ ತುಂಬುವುದು? ಅದನ್ನು ನೇರವಾಗಿ ಅಳೆದವರಿಲ್ಲ. ಆದ್ದರಿಂದ ಬಹಳ ಕಡೆ ಮಾಡುವುದು ಕಳೆಯುವ ಲೆಕ್ಕ.

ಉದಾಹರಣೆಗೆ ಒಂದು ನದಿ ಇಟ್ಟುಕೊಳ್ಳೋಣ. ಮೇಲಿನ ಸೇತುವೆಯ ಬಳಿ ಸೆಕೆಂಡಿಗೆ 20 ಘನ ಮೀಟರ್ ನೀರು, ಲೀಟರಿಗೆ 0.10 ಮಿಲಿಗ್ರಾಂ ರಂಜಕ. ಗುಣಿಸಿದರೆ ಸೆಕೆಂಡಿಗೆ 2 ಗ್ರಾಂ ರಂಜಕ ಹರಿಯುತ್ತಿದೆ. ಕೆಳಗಿನ ಸೇತುವೆಯ ಬಳಿ 24 ಘನ ಮೀಟರ್, ಲೀಟರಿಗೆ 0.15 ಮಿಲಿಗ್ರಾಂ, ಅಂದರೆ ಸೆಕೆಂಡಿಗೆ 3.6 ಗ್ರಾಂ. ನಡುವೆ ಒಂದು ಪಟ್ಟಣದ ಒಳಚರಂಡಿ ಸೇರುತ್ತದೆ, ಅದರ ಪಾಲು 0.8 ಗ್ರಾಂ. ಒಟ್ಟು ಏರಿಕೆ 1.6, ಅದರಲ್ಲಿ ಪಟ್ಟಣದ 0.8 ಕಳೆದರೆ ಉಳಿದದ್ದು 0.8. ಇದು ಚದುರಿದ ಮಾಲಿನ್ಯ, ದಿನಕ್ಕೆ ಸುಮಾರು 69 ಕಿಲೋ. ವರದಿಯಲ್ಲಿ ‘ಅರ್ಧ ಪಟ್ಟಣದ್ದು, ಅರ್ಧ ಹೊಲಗಳದ್ದು’ ಎಂದು ಬರೆದುಬಿಡಬಹುದು.

ಬರೆಯುವ ಮುನ್ನ ಇನ್ನೊಂದು ಲೆಕ್ಕ ಮಾಡಬೇಕು. ಹರಿವಿನ ಅಳತೆಯಲ್ಲಿ ಶೇ 5ರ ತಪ್ಪು, ಪ್ರಯೋಗಾಲಯದ ಅಳತೆಯಲ್ಲಿ ಶೇ 5ರ ತಪ್ಪು ಎಲ್ಲರೂ ಒಪ್ಪುವಂಥದ್ದೇ. ಎರಡೂ ಒಂದೇ ದಿಕ್ಕಿಗೆ ವಾಲಿದರೆ ಕೆಳಗಿನ ಸೇತುವೆಯ 3.6 ಗ್ರಾಂ ಸುಮಾರು 0.36ರಷ್ಟು ಏರುಪೇರಾಗುತ್ತದೆ. ಅದು 3.6ರ ಹತ್ತನೇ ಒಂದು ಭಾಗ. ಆದರೆ ಈ ತಪ್ಪೆಲ್ಲ ಹೋಗಿ ಕೂರುವುದು ಕಳೆದು ಉಳಿದ 0.8ರ ಮೇಲೆ, ಅಲ್ಲಿ ಅದು ಶೇ 45. ಹೊಲಗಳ ಪಾಲು 0.44 ಕೂಡ ಇರಬಹುದು, 1.16 ಕೂಡ ಇರಬಹುದು. ದೊಡ್ಡ ಮೊತ್ತದಿಂದ ದೊಡ್ಡ ಮೊತ್ತ ಕಳೆದಾಗ ಉಳಿಯುವ ಚಿಕ್ಕ ಬಾಕಿ ಎಲ್ಲರ ತಪ್ಪನ್ನೂ ಹೊರುತ್ತದೆ. ಹರಿವು ಸಾಗುವಾಗ ಒಂದಿಷ್ಟು ರಂಜಕ ತಳಕ್ಕೆ ಇಳಿಯುತ್ತದೆ, ತಳದ ಕೆಸರಿನಿಂದ ಒಂದಿಷ್ಟು ಮೇಲೇಳುತ್ತದೆ, ಲೆಕ್ಕಕ್ಕೆ ಸಿಗದ ಕಳ್ಳ ಕೊಳವೆಗಳೂ ಇರುತ್ತವೆ. ಅವೆಲ್ಲವೂ ಈ ಬಾಕಿಯಲ್ಲಿ ಸೇರಿ ರೈತರ ಖಾತೆಗೆ ಜಮಾ ಆಗುತ್ತವೆ.

ಒಂದೇ ತಿಂಗಳು, 9 ಟನ್ ಅಥವಾ 72 ಟನ್

ಕಳೆಯುವ ಲೆಕ್ಕದ ಇನ್ನೊಂದು ತೊಂದರೆ ದೊಡ್ಡದು. ಕೊಳವೆಯ ಕೊಳೆ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ಹೊಲದ ಕೊಳೆ ಮಳೆಯನ್ನು ಕಾಯುತ್ತದೆ. ಮಳೆ ಬಿದ್ದಾಗ ನದಿಯ ಹರಿವೂ ಏರುತ್ತದೆ, ನೀರಿನಲ್ಲಿ ರಂಜಕದ ಸಾಂದ್ರತೆಯೂ ಏರುತ್ತದೆ. ಎರಡೂ ಒಟ್ಟಿಗೆ ಏರುವುದರಿಂದ ಗುಣಲಬ್ಧ ಗಗನಕ್ಕೇರುತ್ತದೆ.

ಇದನ್ನೂ ಅಂಕಿಯಲ್ಲೇ ನೋಡೋಣ. ಒಂದು ತಿಂಗಳಲ್ಲಿ 29 ದಿನ ನದಿ ಸೆಕೆಂಡಿಗೆ 20 ಘನ ಮೀಟರಿನಂತೆ ಹರಿದು, ಲೀಟರಿಗೆ 0.05 ಮಿಲಿಗ್ರಾಂ ರಂಜಕ ಇತ್ತೆನ್ನಿ. ದಿನಕ್ಕೆ ಸುಮಾರು 86 ಕಿಲೋ. ಉಳಿದ ಒಂದು ದಿನ ಜಡಿಮಳೆ. ಹರಿವು 1,500 ಘನ ಮೀಟರಿಗೆ ಏರಿತು, ರಂಜಕ 0.40 ಮಿಲಿಗ್ರಾಂ. ಆ ಒಂದೇ ದಿನ ಹೋದದ್ದು ಸುಮಾರು 52 ಟನ್, ಅಂದರೆ 600 ಸಾಮಾನ್ಯ ದಿನಗಳಷ್ಟು. ತಿಂಗಳ ನಿಜವಾದ ಹೊರೆ ಸುಮಾರು 54 ಟನ್.

ಈಗ ತಿಂಗಳಿಗೊಮ್ಮೆ ನೀರು ಹಿಡಿಯುವ ಸಿಬ್ಬಂದಿ ಸಾಮಾನ್ಯ ದಿನವೊಂದರಲ್ಲಿ ಹೋದರು ಅಂದುಕೊಳ್ಳಿ. ತಿಂಗಳ ಸರಾಸರಿ ಹರಿವನ್ನು ಆ ದಿನದ ಸಾಂದ್ರತೆಯಿಂದ ಗುಣಿಸಿದರೆ 9 ಟನ್ ಬರುತ್ತದೆ, ನಿಜದ ಆರನೇ ಒಂದು ಭಾಗ. ಅವರ ಪಾಳಿ ಆ ಪ್ರವಾಹದ ದಿನವೇ ಬಂದಿದ್ದರೆ? ಅದೇ ಸೂತ್ರ 72 ಟನ್ ಎನ್ನುತ್ತದೆ. ನದಿಯೂ ಅದೇ, ತಿಂಗಳೂ ಅದೇ. ಬದಲಾದದ್ದು ಶೀಸೆ ತುಂಬಿದ ದಿನ ಮಾತ್ರ. ಇನ್ನು ವಾಸ್ತವದಲ್ಲಿ ಪ್ರವಾಹದ ದಿನ ಸೇತುವೆಯ ಮೇಲೆ ನಿಂತು ಶೀಸೆ ಇಳಿಬಿಡುವವರು ಕಡಿಮೆ. ಹಾಗಾಗಿ ತಿಂಗಳಿಗೊಮ್ಮೆಯ ಅಂಕಿಗಳು ಸಾಮಾನ್ಯವಾಗಿ ಕೊಳವೆಗಳ ಪಾಲನ್ನು ಚೆನ್ನಾಗಿ ಹಿಡಿಯುತ್ತವೆ, ಹೊಲಗಳ ಪಾಲನ್ನು ಬಿಟ್ಟುಬಿಡುತ್ತವೆ.

ಓಹಾಯೋದ ಟಿಫಿನ್ ಎಂಬ ಸಣ್ಣ ಊರಿನ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬೇಕರ್ ಎಂಬ ಪ್ರಾಧ್ಯಾಪಕರು ಇದನ್ನು ಬೇಗ ಗುರುತಿಸಿದರು. 1970ರ ದಶಕದ ಮಧ್ಯದಿಂದ ಅವರ ತಂಡ ಮಾಮೀ ನದಿಯ ವಾಟರ್‌ವಿಲ್ ಎಂಬಲ್ಲಿ, ಹರಿವು ಅಳೆಯುವ ಸರ್ಕಾರಿ ಕೇಂದ್ರದ ಪಕ್ಕದಲ್ಲೇ, ನೀರನ್ನು ಹಿಡಿಯತೊಡಗಿತು. ಸ್ವಯಂಚಾಲಿತ ಯಂತ್ರ ದಿನಕ್ಕೆ ಮೂರು ಶೀಸೆ ತುಂಬುತ್ತದೆ. ನದಿ ತಣ್ಣಗಿದ್ದರೆ ದಿನಕ್ಕೊಂದನ್ನು ಪರೀಕ್ಷಿಸಿದರೆ ಸಾಕು. ನೀರು ಏರಿ ಕೆಂಪಗಾದ ದಿನ ಮೂರನ್ನೂ ಪರೀಕ್ಷಿಸುತ್ತಾರೆ. ದಶಕಗಳ ಕಾಲ ನಡೆದ ಈ ಕೆಲಸದಲ್ಲಿ ಆಕರ್ಷಕವಾದದ್ದು ಏನೂ ಇಲ್ಲ. ಆದರೆ ಮಾಮೀ ನದಿಯ ಬಗ್ಗೆ ಇಂದು ಯಾರು ಏನೇ ಮಾದರಿ ಕಟ್ಟಿದರೂ ಅದನ್ನು ಒರೆಗೆ ಹಚ್ಚುವುದು ಈ ಶೀಸೆಗಳಿಂದ ಬಂದ ಅಂಕಿಗಳ ಮೇಲೆಯೇ.

ಅವು ತೋರಿಸಿದ ಇನ್ನೊಂದು ಸಂಗತಿ: ಪ್ರವಾಹದ ಒಳಗೂ ಒಂದು ಕ್ರಮವಿದೆ. ಮಣ್ಣು ಮತ್ತು ಅದಕ್ಕೆ ಅಂಟಿದ ರಂಜಕ ನೀರು ಏರುವಾಗಲೇ ಬಂದುಬಿಡುತ್ತವೆ. ನೈಟ್ರೇಟ್ ತಡವಾಗಿ, ನೀರು ಇಳಿಯತೊಡಗಿದ ಮೇಲೆ ಹೆಚ್ಚುತ್ತದೆ. ಏಕೆಂದರೆ ಅದು ನೆಲದೊಳಗೆ ಇಂಗಿ ಬಸಿದು ಬರಬೇಕು. ಒಂದೇ ಹರಿವಿನ ಮಟ್ಟದಲ್ಲಿ, ಏರುವಾಗ ಹಿಡಿದ ನೀರೇ ಬೇರೆ, ಇಳಿಯುವಾಗ ಹಿಡಿದ ನೀರೇ ಬೇರೆ.

ಹೊಲದಿಂದ ಹೊರಟ ಲೆಕ್ಕ

ನದಿಯಲ್ಲಿ ನಿಂತು ಹಿಂದಕ್ಕೆ ಕಳೆಯುವ ಬದಲು ಹೊಲದಲ್ಲಿ ನಿಂತು ಮುಂದಕ್ಕೆ ಕೂಡುವುದು ಎರಡನೆಯ ದಾರಿ. ಇದರ ಸರಳ ರೂಪ ಹೀಗಿದೆ: ಒಂದು ಹೆಕ್ಟೇರ್ ಮೆಕ್ಕೆಜೋಳದಿಂದ ವರ್ಷಕ್ಕೆ ಇಷ್ಟು ಕಿಲೋ, ಹುಲ್ಲುಗಾವಲಿನಿಂದ ಇಷ್ಟು, ಕಾಡಿನಿಂದ ಇಷ್ಟು, ಒಂದು ಹಸುವಿನಿಂದ ಇಷ್ಟು ಎಂದು ಗುಣಾಂಕಗಳ ಪಟ್ಟಿ ಮಾಡಿ, ವಿಸ್ತೀರ್ಣದಿಂದ ಗುಣಿಸಿ ಕೂಡುವುದು. ಕಂದಾಯ ದಾಖಲೆ, ಜಾನುವಾರು ಗಣತಿ ಇದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಆದರೆ ಬೇರೆ ದೇಶದ ಮಣ್ಣಿನಲ್ಲಿ, ಬೇರೆ ಮಳೆಯಲ್ಲಿ ಹುಟ್ಟಿದ ಗುಣಾಂಕವನ್ನು ಎತ್ತಿ ತಂದು ಹಚ್ಚಿದಾಗ ಉತ್ತರವೂ ಅಲ್ಲಿಯದೇ ಆಗಿರುತ್ತದೆ.

ಇನ್ನೂ ಸೂಕ್ಷ್ಮವಾಗಿ ಹೋಗಬೇಕೆಂದರೆ ಮಣ್ಣು ಕೊಚ್ಚಿಹೋಗುವುದನ್ನೇ ಲೆಕ್ಕ ಹಾಕಬೇಕು. ವಾಲ್ಟರ್ ವಿಶ್ಮಯರ್ ಮತ್ತು ಡ್ವೈಟ್ ಸ್ಮಿತ್ 1965ರಲ್ಲಿ ಕೊಟ್ಟ ಮಣ್ಣಿನ ಸವಕಳಿ ಸಮೀಕರಣ ಇಂದಿಗೂ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ. ಮಳೆಯ ಹೊಡೆತ, ಮಣ್ಣಿನ ಸಡಿಲತೆ, ಇಳಿಜಾರಿನ ಉದ್ದ, ಅದರ ಕಡಿದು, ಬೆಳೆಯ ಹೊದಿಕೆ, ಬದು ಮೊದಲಾದ ಸಂರಕ್ಷಣಾ ಕ್ರಮ: ಆರು ಅಂಶಗಳನ್ನು ಒಂದಕ್ಕೊಂದು ಗುಣಿಸಿದರೆ ವರ್ಷಕ್ಕೆ ಎಷ್ಟು ಮಣ್ಣು ಹೋಗುತ್ತದೆಂದು ಸಿಗುತ್ತದೆ. ಅದರ ಬೆನ್ನಿಗಿದ್ದದ್ದು 22.1 ಮೀಟರ್ ಉದ್ದ, ಶೇ 9ರ ಇಳಿಜಾರಿನ ಪ್ರಯೋಗದ ಪಟ್ಟಿಗಳನ್ನು ಮಾನದಂಡವಾಗಿಟ್ಟು ಹೊಂದಿಸಿದ ಸಾವಿರಾರು ಅಳತೆಗಳು. ಪಟ್ಟಿಯ ಅಂಚಿನಿಂದ ಹೊರಬಿದ್ದ ಮಣ್ಣೆಲ್ಲ ನದಿ ಮುಟ್ಟುವುದಿಲ್ಲ. ಬದುವಿನಲ್ಲಿ, ಹಳ್ಳದ ತಿರುವಿನಲ್ಲಿ, ಕೆರೆಯಂಗಳದಲ್ಲಿ ಬಹಳಷ್ಟು ಕೂರುತ್ತದೆ. ಎಷ್ಟು ಕೂರುತ್ತದೆ ಎಂಬುದಕ್ಕೆ ಇನ್ನೊಂದು ಅಂದಾಜಿನ ಗುಣಾಂಕ ಹಚ್ಚಬೇಕು.

ಇವೆಲ್ಲವನ್ನೂ ಒಂದೇ ಕಂಪ್ಯೂಟರ್ ಮಾದರಿಯಲ್ಲಿ ಹೆಣೆದದ್ದು ಸ್ವಾಟ್. 1990ರ ದಶಕದ ಆರಂಭದಲ್ಲಿ ಅಮೆರಿಕದ ಕೃಷಿ ಇಲಾಖೆಗಾಗಿ ಜೆಫ್ ಆರ್ನಾಲ್ಡ್ ಟೆಕ್ಸಾಸಿನಲ್ಲಿ ಇದನ್ನು ರೂಪಿಸಿದರು. ಒಂದೇ ಬಗೆಯ ಮಣ್ಣು, ಒಂದೇ ಬೆಳೆ, ಒಂದೇ ಇಳಿಜಾರು ಇರುವ ತುಣುಕುಗಳಾಗಿ ಜಲಾನಯನವನ್ನು ಒಡೆದು, ಪ್ರತಿ ತುಣುಕಿನಲ್ಲೂ ದಿನದಿನದ ಮಳೆ, ಇಂಗುವಿಕೆ, ಬೆಳೆಯ ಬೆಳವಣಿಗೆ, ಗೊಬ್ಬರ, ಕೊಚ್ಚಣೆ ಎಲ್ಲವನ್ನೂ ಅದು ಅನುಕರಿಸುತ್ತದೆ. ಇಂಥ ಮಾದರಿಯಲ್ಲಿ ತಿರುಗಿಸಬಹುದಾದ ಕೀಲಿಗಳು ಹತ್ತಾರು. ನದಿಯಲ್ಲಿ ಅಳೆದ ಅಂಕಿಗೆ ಉತ್ತರ ಕೂಡುವವರೆಗೆ ಅವನ್ನು ತಿರುಗಿಸುತ್ತಾರೆ. ಅಪಾಯ ಇರುವುದೂ ಅಲ್ಲೇ. ಮೇಲ್ಮೈಯಿಂದ ಹೆಚ್ಚು, ನೆಲದಡಿಯಿಂದ ಕಡಿಮೆ ರಂಜಕ ಬಂತೆಂದು ಹೇಳುವ ಮಾದರಿ, ಅದರ ತದ್ವಿರುದ್ಧ ಹೇಳುವ ಮಾದರಿ ಎರಡೂ ನದಿಯ ಬಾಯಲ್ಲಿ ಒಂದೇ ಉತ್ತರ ಕೊಡಬಲ್ಲವು. ಉತ್ತರ ಸರಿಯಾಗಿದ್ದರೂ ಕಾರಣ ತಪ್ಪಿದ್ದರೆ, ಪರಿಹಾರವೂ ತಪ್ಪುತ್ತದೆ. ಹೀಗಾಗಿಯೇ ಮಾಮೀ ನದಿಗೆ ಹಲವು ತಂಡಗಳು ಬೇರೆ ಬೇರೆಯಾಗಿ ಸ್ವಾಟ್ ಮಾದರಿ ಕಟ್ಟಿ, ಎಲ್ಲ ಮಾದರಿಗಳೂ ಒಪ್ಪುವುದನ್ನು ಮಾತ್ರ ಭರವಸೆಯಿಂದ ಹೇಳುವ ಕ್ರಮ ಬೆಳೆಸಿಕೊಂಡವು.

ಮೊತ್ತದ ಮರೆಯಲ್ಲಿ

ಕಾರಣ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮಾಮೀ ನದಿಯೇ ಸಾಕ್ಷಿ. ಮಣ್ಣಿನ ಕೊಚ್ಚಣೆ ತಡೆದರೆ ರಂಜಕವನ್ನೂ ತಡೆದಂತೆ ಎಂಬ ನಂಬಿಕೆಯಲ್ಲಿ ಅಲ್ಲಿನ ರೈತರಿಗೆ ಉಳುಮೆಯಿಲ್ಲದ ಬೇಸಾಯವನ್ನು ಉತ್ತೇಜಿಸಲಾಯಿತು. ಮಣ್ಣು ನಿಜವಾಗಿಯೂ ನಿಂತಿತು. ಆದರೆ 1990ರ ದಶಕದ ಮಧ್ಯದಿಂದ ವಾಟರ್‌ವಿಲ್‌ನ ಶೀಸೆಗಳಲ್ಲಿ ನೀರಿಗೆ ಕರಗಿದ ರಂಜಕ ಏರತೊಡಗಿತು. ಒಟ್ಟು ರಂಜಕದ ಸಾಲಿನಲ್ಲಿ ಅಂಥ ಏರಿಕೆ ಕಾಣುತ್ತಿರಲಿಲ್ಲ. ಮೊತ್ತವನ್ನಷ್ಟೇ ನೋಡುತ್ತಿದ್ದವರಿಗೆ ಎಲ್ಲ ಸರಿಯಿದ್ದಂತೆಯೇ ತೋರಿತು.

ಪಾಚಿಗೆ ಈ ಭೇದ ಜೀವನ್ಮರಣದ್ದು. ಮಣ್ಣಿಗೆ ಅಂಟಿಕೊಂಡ ರಂಜಕದಲ್ಲಿ ಅದರ ಬಾಯಿಗೆ ಸಿಗುವುದು ಸಣ್ಣ ಪಾಲು. ಕರಗಿದ ರಂಜಕವನ್ನು ಅದು ಬಹುತೇಕ ಪೂರ್ತಿ ಹೀರಬಲ್ಲದು. ಏರಿಕೆಗೆ ಹಲವು ಕಾರಣಗಳನ್ನು ಸಂಶೋಧಕರು ಮುಂದಿಡುತ್ತಾರೆ. ಉಳುಮೆ ನಿಂತ ಮೇಲೆ ಮೇಲ್ಮೈಗೆ ಎರಚಿದ ಗೊಬ್ಬರ ಮಣ್ಣಿನಲ್ಲಿ ಬೆರೆಯದೆ ಮೇಲಿನ ಕೆಲವೇ ಅಂಗುಲಗಳಲ್ಲಿ ಕೂಡಿಬಿತ್ತು. ಆ ಪ್ರದೇಶ 19ನೇ ಶತಮಾನದವರೆಗೂ ವಿಶಾಲ ಜೌಗುನೆಲವಾಗಿತ್ತು; ಅದನ್ನು ಬಸಿದು ಹೊಲ ಮಾಡಲು ನೆಲದಡಿ ಬಸಿಗೊಳವೆಗಳನ್ನು ಹೂತಿದ್ದರು. ಮಣ್ಣಿನ ಬಿರುಕು, ಎರೆಹುಳದ ಬಿಲಗಳ ಮೂಲಕ ಇಳಿದ ನೀರು ಕರಗಿದ ರಂಜಕವನ್ನು ನೇರ ಆ ಕೊಳವೆಗಳಿಗೆ ಮುಟ್ಟಿಸುತ್ತದೆ. ಸವಕಳಿ ಸಮೀಕರಣದ ಆರು ಅಂಶಗಳಲ್ಲಿ ಒಂದಕ್ಕೂ ಈ ದಾರಿ ಕಾಣುವುದಿಲ್ಲ.

2016ರಲ್ಲಿ ಎರಡೂ ದೇಶಗಳು ಹೊಸ ಗುರಿ ಇಟ್ಟಾಗ ಈ ಪಾಠ ಅದರಲ್ಲಿ ಸೇರಿತ್ತು. ಮಾಮೀ ನದಿಯಿಂದ ಮಾರ್ಚ್‌ನಿಂದ ಜುಲೈವರೆಗೆ ಸರೋವರಕ್ಕೆ ಒಟ್ಟು ರಂಜಕ 860 ಟನ್, ಕರಗಿದ ರಂಜಕ 186 ಟನ್ ಮೀರಬಾರದು. 2008ರ ಮಟ್ಟಕ್ಕೆ ಹೋಲಿಸಿದರೆ ಶೇ 40ರಷ್ಟು ಇಳಿಕೆ. ವರ್ಷದ ಮೊತ್ತವಷ್ಟೇ ಅಲ್ಲ, ಪಾಚಿಯನ್ನು ಬೆಳೆಸುವ ತಿಂಗಳುಗಳೂ ಲೆಕ್ಕಕ್ಕೆ ಬಂದವು. ಒಂದು ಅಂಕಿಯ ಜಾಗಕ್ಕೆ ಎರಡು ಬಂದವು.

2019ರಲ್ಲಿ ಪ್ರಕೃತಿಯೇ ಒಂದು ಪರೀಕ್ಷೆ ನಡೆಸಿಕೊಟ್ಟಿತು. ವಸಂತದ ಮಳೆ ಎಡೆಬಿಡದೆ ಸುರಿದು ಬಹಳ ಹೊಲಗಳಲ್ಲಿ ಬಿತ್ತನೆಯೇ ಆಗಲಿಲ್ಲ, ಗೊಬ್ಬರವೂ ಬೀಳಲಿಲ್ಲ. ಹಾಕಿದ ರಂಜಕ ಸುಮಾರು ಶೇ 60ರಷ್ಟು ಇಳಿದಿತ್ತೆಂದೂ, ಆ ಹರಿವಿಗೆ ನಿರೀಕ್ಷಿಸಿದ್ದಕ್ಕಿಂತ ಕರಗಿದ ರಂಜಕ ಸುಮಾರು ಶೇ 30ರಷ್ಟು ಕಡಿಮೆಯಾಯಿತೆಂದೂ ಸಂಶೋಧಕರು ಲೆಕ್ಕ ಹಾಕಿದರು. ಈ ವರ್ಷ ಹಾಕಿದ ಗೊಬ್ಬರಕ್ಕೂ ಈ ವರ್ಷದ ಪಾಚಿಗೂ ನಂಟಿದೆ ಎಂಬುದು ಇದರಿಂದ ಖಚಿತವಾಯಿತು. ಉಳಿದದ್ದು ಹಳೆಯ ವರ್ಷಗಳಲ್ಲಿ ಮಣ್ಣಿನಲ್ಲಿ ಕೂಡಿಟ್ಟದ್ದು; ಇಂದು ಗೊಬ್ಬರ ನಿಲ್ಲಿಸಿದರೂ ಅದು ಮುಂದೆ ಬಹುಕಾಲ ಒಸರುತ್ತಲೇ ಇರುತ್ತದೆ.

ಮುಂಗಾರಿನ ನದಿಗಳಲ್ಲಿ

ಕರ್ನಾಟಕದ ನದಿಗಳಿಗೆ ಈ ಲೆಕ್ಕ ಹಚ್ಚುವಾಗ ಕೆಲವು ಗೆರೆಗಳು ಮಸುಕಾಗುತ್ತವೆ. ಬೆಂಗಳೂರಿನ ವೃಷಭಾವತಿ ಅರ್ಕಾವತಿಯ ಮೂಲಕ ಕಾವೇರಿಗೆ ಒಯ್ಯುವ ಕೊಳಚೆ ಮನೆಗಳದ್ದು, ಕಾರ್ಖಾನೆಗಳದ್ದು; ಆದರೆ ಅದರಲ್ಲಿ ಬಹಳಷ್ಟು ಕೊಳವೆಯ ಬದಲು ರಾಜಕಾಲುವೆಗಳ ಉದ್ದಕ್ಕೂ ಸೇರುತ್ತಾ ಬರುತ್ತದೆ. ಕೊಡಗಿನ ಕಾಫಿ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿದ ನೀರು ಸಣ್ಣ ಸಣ್ಣ ತೊರೆಗಳಿಗೆ ಸೇರುವುದು ಕೊಯ್ಲಿನ ಚಳಿಗಾಲದಲ್ಲಿ, ಹೊಳೆ ಸೊರಗಿರುವಾಗ. ಮಳೆ ದಿನವನ್ನಷ್ಟೇ ಕಾಯುವ ಮಾದರಿಗೆ ಇದು ಸಿಗುವುದಿಲ್ಲ. ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳದ ಕಥೆ ಮಾತ್ರ ಮಾಮೀ ನದಿಯದಕ್ಕೆ ತೀರಾ ಹತ್ತಿರ: ಬಿತ್ತನೆಯ ಜೊತೆ ರಂಜಕದ ಡಿಎಪಿ ಗೊಬ್ಬರ, ಅದರ ಬೆನ್ನಿಗೇ ಮುಂಗಾರಿನ ಹೊಡೆತ, ನೆಲವಿನ್ನೂ ಬತ್ತಲೆ.

ಸ್ವಾಟ್ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಬಳಕೆಯಲ್ಲಿದೆ, ಅದು ಉಚಿತವಾಗಿ ಸಿಗುತ್ತದೆ. ಕೊರತೆ ಇರುವುದು ಅದನ್ನು ಒರೆಗೆ ಹಚ್ಚುವ ಅಂಕಿಗಳದ್ದು. ರಾಷ್ಟ್ರೀಯ ಜಲ ಗುಣಮಟ್ಟ ಕಾರ್ಯಕ್ರಮದಲ್ಲಿ ನದಿಗಳ ನೀರನ್ನು ಸಾಮಾನ್ಯವಾಗಿ ಹಿಡಿಯುವುದು ತಿಂಗಳಿಗೊಮ್ಮೆ. ಆ ಕ್ರಮ ಹುಟ್ಟಿದ್ದು ನದಿಯ ಆ ತುಂಡಿನ ನೀರು ಕುಡಿಯಲು, ಸ್ನಾನಕ್ಕೆ ಯೋಗ್ಯವೇ ಎಂದು ನೋಡಲು. ಅದಕ್ಕೆ ಅದು ಸಾಕು. ವರ್ಷಕ್ಕೆ ಎಷ್ಟು ಟನ್ ಹೋಯಿತೆಂದು ಅದೇ ಅಂಕಿಗಳನ್ನು ಕೇಳಿದರೆ 9 ಟನ್, 72 ಟನ್ನಿನ ತಮಾಷೆ ಶುರುವಾಗುತ್ತದೆ. ವರ್ಷದ ನೀರಿನ ಬಹುಪಾಲು ನಾಲ್ಕು ತಿಂಗಳಲ್ಲಿ, ಅದರಲ್ಲೂ ಕೆಲವೇ ವಾರಗಳಲ್ಲಿ ಹರಿದುಹೋಗುವ ನದಿಗಳಲ್ಲಿ ಈ ತಪ್ಪು ಮಾಮೀಗಿಂತ ದೊಡ್ಡದೇ ಇರಬೇಕು.

ಅಮೆರಿಕದ ಕಾನೂನಿನಲ್ಲಿ ನದಿಯೊಂದು ತಡೆದುಕೊಳ್ಳಬಲ್ಲ ಹೊರೆಯನ್ನು ಹಂಚುವಾಗ ಕೊಳವೆಗಳಿಗೆ ಒಂದು ಪಾಲು, ಚದುರಿದ ಮೂಲಗಳಿಗೆ ಒಂದು ಪಾಲು ಕೊಟ್ಟು, ಮೂರನೆಯದಾಗಿ ಲೆಕ್ಕದ ಅನಿಶ್ಚಿತತೆಗೆಂದೇ ಒಂದು ಪಾಲು ತೆಗೆದಿಡುವುದು ಕಡ್ಡಾಯ. ನಮ್ಮಲ್ಲಿ ನದಿ ಪುನರುಜ್ಜೀವನದ ಯೋಜನಾ ವರದಿಗಳಿಗೂ ಈ ಮೂರನೆಯ ಸಾಲು ಬೇಕು. ಅದು ಇದ್ದರೆ, ‘ಶೇ 60ರಷ್ಟು ಮಾಲಿನ್ಯ ಕೃಷಿಯಿಂದ’ ಎಂಬ ಮಾತಿನ ಪಕ್ಕದಲ್ಲಿ ಅದು 35 ಇರಬಹುದೋ 80 ಇರಬಹುದೋ ಎಂಬುದೂ ಕಾಣಿಸುತ್ತದೆ. ಆ ಅಂತರವನ್ನು ಕಿರಿದು ಮಾಡುವ ದಾರಿ ದುಬಾರಿಯದ್ದೂ ಅಲ್ಲ. ಪ್ರತಿ ನದಿಯಲ್ಲೂ ಹರಿವು ಅಳೆಯುವ ಒಂದು ಕೇಂದ್ರ ಆರಿಸಿಕೊಂಡು, ಅಲ್ಲಿಯೇ ಮುಂಗಾರಿನ ಮೊದಲ ಪ್ರವಾಹಗಳಲ್ಲಿ ದಿನಕ್ಕೆ ಮೂರು ಶೀಸೆಯಂತೆ ತುಂಬಿ, ಕರಗಿದ ರಂಜಕವನ್ನೂ ಒಟ್ಟು ರಂಜಕವನ್ನೂ ಬೇರೆ ಬೇರೆಯಾಗಿ ಅಳೆದು, ಹತ್ತು ವರ್ಷ ಬಿಡದೆ ನಡೆಸಬೇಕು. ತಂತ್ರಾಂಶ ಯಾವುದು ಎಂಬ ಚರ್ಚೆ ಆಮೇಲೆ ಮಾಡಿದರೂ ನಡೆದೀತು.